ಉಡುತಡಿಯ ಮಹಾದೇವಿಯಕ್ಕನ ನಿಶ್ಚಿಂತೆ

ಕಷ್ಟಕಾಲದಲ್ಲಿ ಚಿಂತೆಯನ್ನು ಬಿಟ್ಟು ದೇವರ ಮೇಲೆ ಭಾರ ಹಾಕಬೇಕೆಂದು ಹೇಳದ ಹಿರಿಯರಿಲ್ಲ. ಹಾಗೆ ಹೇಳಿಸಿಕೊಂಡು ನಿಶ್ಚಿಂತರಾದವರು ಮಾತ್ರ ವಿರಳ. ಮಳೆ ತಪ್ಪಿದ ವರ್ಷ ರೈತನೂ, ಸಾಲದ ವಾಯಿದೆ ಸಮೀಪಿಸಿದ ವರ್ತಕನೂ, ದೂರದ ಊರಿಗೆ ವರ್ಗವಾದ ಗುಮಾಸ್ತನೂ ಈ ಉಪದೇಶಕ್ಕೆ ತಲೆದೂಗುತ್ತಾರೆ. ರಾತ್ರಿ ಮಾತ್ರ ನಿದ್ರೆ ಬಾರದೆ ಹೊರಳುತ್ತಾರೆ. ಇದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ದೇವರನ್ನು ನಂಬಬೇಕೆಂದು ಹೇಳುವವರು ಆತನಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಹೇಳುವುದಿಲ್ಲ. ನಂಬಿದ ಮಾತ್ರಕ್ಕೆ ಬೆಳೆ ಬರುವುದೆಂದೂ ಸಾಲ ತೀರುವುದೆಂದೂ ಕೇಳುವವನು ಊಹಿಸಿಕೊಳ್ಳುತ್ತಾನೆ. ಹಾಗಾಗದಿದ್ದಾಗ ಚಿಂತೆಯ ಜೊತೆಗೆ ನಂಬಿಕೆಯೂ ಅವನಿಗೆ ಹೊರೆಯಾಗುತ್ತದೆ. ಉಪದೇಶದಲ್ಲಿ ಬಿಟ್ಟುಹೋದ ಈ ಅರ್ಧಭಾಗವನ್ನು ತನ್ನ ಬಾಳಿನಿಂದ ತಿಳಿಸಿಕೊಟ್ಟವಳೊಬ್ಬಳು ಎಂಟುನೂರು ವರ್ಷಗಳಿಗೂ ಹಿಂದೆ ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿದ್ದಳು. ಕನ್ನಡಿಗರೆಲ್ಲರೂ ಆಕೆಯನ್ನು ಅಕ್ಕನೆಂದು ಕರೆಯುತ್ತಾರೆ. ಹೆಸರು ಕೇಳದವರಿಲ್ಲವಾದರೂ ಆಕೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದವರು ಹೆಚ್ಚಿಲ್ಲವೆಂದು ತೋರುವುದರಿಂದ ವಾಚಕರ ಮುಂದೆ ಅದನ್ನು ಮತ್ತೊಮ್ಮೆ ಇಡುತ್ತಿದ್ದೇವೆ.

ಮೊದಲು ಆ ನಾಡಿನ ವಿಚಾರ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳು ಹನ್ನೆರಡನೆಯ ಶತಮಾನದಲ್ಲಿ ಬನವಾಸಿ ಪನ್ನಿರ್ಛಾಸಿರದ ಹೃದಯಭಾಗವಾಗಿದ್ದುವು. ನಾಗರಖಂಡವೆಂಬ ಎಪ್ಪತ್ತು ಹಳ್ಳಿಗಳ ಸೀಮೆಯು ಇಲ್ಲಿಯೇ ಇದ್ದಿತು. ಮಲೆನಾಡು ಮುಗಿದು ಬಯಲು ಮೊದಲಾಗುವ ಈ ಪ್ರದೇಶದಲ್ಲಿ ಪ್ರತಿಯೊಂದು ತಗ್ಗಿಗೂ ಒಂದು ಕೆರೆ, ಕೆರೆಯ ಕೆಳಗೆ ಗದ್ದೆ, ಏರಿಯ ಮೇಲೋ ಬದಿಯಲ್ಲೋ ಒಂದು ದೇವಾಲಯ. ಆನವಟ್ಟಿಯ ಬಳಿ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಗೋಡೆಯಿಲ್ಲದೆ ಮೂರು ದಿಕ್ಕಿಗೂ ತೆರೆದಿರುವ ಅದರ ವಿಶಾಲವಾದ ಮುಖಮಂಟಪವು ದಾರಿಹೋಕನನ್ನು ಕರೆದು ಕೂಡಿಸುವಂತಿದೆ. ಈ ಸೀಮೆಗೆಲ್ಲ ರಾಜಧಾನಿಯಾಗಿದ್ದುದು ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕೋಡಿಯಮಠವನ್ನು ವರ್ಣಿಸುವ 1162ನೆಯ ಇಸವಿಯ ಶಾಸನವೊಂದುಂಟು. ರೈಸರು 1902ರಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಸಂಪುಟದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದ ಆ ಮಠದಲ್ಲಿ ದೀನರಿಗೂ ಅನಾಥರಿಗೂ ಕುರುಡ, ಕುಂಟ, ಕಿವುಡರಿಗೂ ಹಾಡುವವರಿಗೂ ಕಥೆ ಹೇಳುವವರಿಗೂ ಊಟವಿಕ್ಕುತ್ತಿದ್ದರು, ಬತ್ತಲೆ ತಿರುಗುವ ಭಿಕ್ಷುಕರಿಗೂ ಜೈನ ಕ್ಷಪಣಕರಿಗೂ ನಾನಾ ದೇಶದ ಬೈರಾಗಿಗಳಿಗೂ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು. ಮಠದವರು ಕಾಳಾಮುಖ ಶೈವರು. ಆದರೂ ಊಟಕ್ಕೆ ಬಂದವನ ಮತವನ್ನು ವಿಚಾರಿಸುತ್ತಿದ್ದಂತೆ ಕಾಣುವುದಿಲ್ಲ. ಅದೇ ವರ್ಷ ಕಳಚುರಿ ಬಿಜ್ಜಳನು ದಕ್ಷಿಣದಿಕ್ಕನ್ನು ಸಾಧಿಸಲು ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದನೆಂದೂ ಆ ಶಾಸನವೇ ತಿಳಿಸುತ್ತದೆ. ಅಕ್ಕಮಹಾದೇವಿಯು ಬಾಳಿದುದು ಈ ಬಿಜ್ಜಳನ ಕಾಲದಲ್ಲಿ. ಅನ್ನವಿದ್ದ ನಾಡು, ಆದರೆ ದಂಡು ಓಡಾಡುತ್ತಿದ್ದ ನಾಡು. ಈ ಎರಡನ್ನೂ ವಾಚಕರು ನೆನಪಿನಲ್ಲಿಡಬೇಕು.

ಬಳ್ಳಿಗಾವಿಗೆ ಕೆಲವೇ ಮೈಲುಗಳ ದೂರದಲ್ಲಿರುವ ಉಡುತಡಿಯು ಆಕೆಯ ಜನ್ಮಸ್ಥಳ. ಇಂದಿನ ಉಡುಗಣಿಯೇ ಅದೆಂದು ಪಂಡಿತರು ಗುರುತಿಸಿದ್ದಾರೆ. ತಾಯಿತಂದೆಗಳು ಶಿವಭಕ್ತರು. ಹರಿಹರ ಕವಿಯು ಅವರನ್ನು ಶಿವಭಕ್ತ, ಶಿವಭಕ್ತೆ ಎಂದಷ್ಟೇ ಕರೆಯುತ್ತಾನೆ. ನಿರ್ಮಲ, ಸುಮತಿ ಮೊದಲಾದ ಹೆಸರುಗಳು ಆಮೇಲಿನ ಗ್ರಂಥಗಳಲ್ಲಿ ಬರುತ್ತವೆ. ಹರಿಹರನು ಆಕೆಗೆ ಒಂದೆರಡು ತಲೆಮಾರಿನಷ್ಟೇ ಈಚಿನವನು. ಆಕೆಯನ್ನು ಕುರಿತು ಒಂದು ಇಡೀ ರಗಳೆಯನ್ನು ಬರೆದವನು ಆತನೇ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಆ ಕಥೆಯನ್ನು ಬೇರೆ ರೀತಿಯಾಗಿ ಹೇಳಿದನು. ಶೂನ್ಯಸಂಪಾದನೆಯ ಸಂಕಲನಕಾರರು ಆಕೆಯ ವಚನಗಳನ್ನೇ ಪೋಣಿಸಿ ಸಂಭಾಷಣೆಯನ್ನಾಗಿ ಮಾಡಿದರು. ಈ ಮೂರು ಆಕರಗಳೂ ಎಲ್ಲೆಡೆಯಲ್ಲಿ ಒಪ್ಪುವುದಿಲ್ಲ. ಒಪ್ಪದ ಕಡೆ ನಾವು ಹರಿಹರನ ಪಕ್ಷ. ಕಾಲದಿಂದ ಸಮೀಪದವನೆಂಬುದು ಒಂದು ಕಾರಣ, ಅಪ್ರಿಯವಾದುದನ್ನು ಮರೆಮಾಚುವುದಿಲ್ಲವೆಂಬುದು ಮತ್ತೊಂದು.

ಬಾಲ್ಯದಲ್ಲಿಯೇ ದೀಕ್ಷೆಯನ್ನು ಪಡೆದ ಹುಡುಗಿಯು ಶ್ರೀಶೈಲದ ಚೆನ್ನಮಲ್ಲಿಕಾರ್ಜುನನನ್ನೇ ತನ್ನ ಗಂಡನೆಂದು ಭಾವಿಸಿ ಬೆಳೆದಳು. ಆ ಸೀಮೆಯನ್ನಾಳುತ್ತಿದ್ದ ಕೌಶಿಕನೆಂಬ ಅರಸನು ಒಂದು ದಿನ ಮೆರವಣಿಗೆಯಲ್ಲಿ ಹೋಗುವಾಗ ಆಕೆಯ ರೂಪವನ್ನು ಕಂಡು ಮನಸೋತನು. ಮಂತ್ರಿಗಳನ್ನು ಹೆಣ್ಣು ಕೇಳಲು ಕಳುಹಿದನು. ಮೊದಲು ಆಸೆ ತೋರಿಸಿದರು. ಅದಕ್ಕೆ ಬಗ್ಗದಿದ್ದಾಗ ತಾಯಿತಂದೆಗಳ ತಲೆಗೇ ಅಪಾಯವೆಂದು ಹೆದರಿಸಿದರು. ಹೆತ್ತವರು ನಡುಗಿ ಮಗಳ ಮುಂದೆ ಬಂದು ನಿಂತರು. ಈ ಸನ್ನಿವೇಶವು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಭಕ್ತಿಯ ಕಥೆಗಳಲ್ಲಿ ಸಾಮಾನ್ಯವಾಗಿ ಇಂತಹ ಕಡೆ ಒಂದು ಪವಾಡ ನಡೆಯುತ್ತದೆ. ಅರಸನಿಗೆ ಕಣ್ಣು ಕಾಣದಂತಾಗುತ್ತದೆ, ಅಥವಾ ಕನಸಿನಲ್ಲಿ ದೇವರು ಬಂದು ಗದರಿಸುತ್ತಾನೆ. ಹರಿಹರನಲ್ಲಿ ಹಾಗೇನೂ ಆಗುವುದಿಲ್ಲ. ಹುಡುಗಿಯು ಹೆತ್ತವರ ಭಯವನ್ನು ಅಲ್ಲಗಳೆಯಲಿಲ್ಲ. ದೇವರು ನೋಡಿಕೊಳ್ಳುವನೆಂದು ಹೇಳಿ ಅವರನ್ನು ಕತ್ತಿಯ ಬಾಯಿಗೆ ಬಿಡಲಿಲ್ಲ. ಮದುವೆಗೆ ಒಪ್ಪಿದಳು, ಆದರೆ ಕರಾರಿನ ಮೇಲೆ. ತನ್ನ ಇಷ್ಟದಂತೆ ಲಿಂಗಪೂಜೆಯಲ್ಲಿಯೂ ಗುರುಸೇವೆಯಲ್ಲಿಯೂ ಶಿವಭಕ್ತರ ಸಂಗದಲ್ಲಿಯೂ ಇರಲು ಬಿಡತಕ್ಕದ್ದು. ಈ ಮಾತನ್ನು ಮೂರು ಸಲ ಮೀರಿದರೆ ತಾನು ಅರಸನಿಗೆ ಸೇರಿದವಳಲ್ಲ. ಅರಸನು ಒಪ್ಪಿದನು. ಕಛೇರಿಯ ವ್ಯವಹಾರ ಬಲ್ಲ ನಮ್ಮ ವಾಚಕರು ಈ ಹಳ್ಳಿಯ ಹುಡುಗಿಯ ಕರಾರಿನ ಬಿಗಿಯನ್ನು ಮೆಚ್ಚದಿರಲಾರರು. ಎದುರುಪಕ್ಷದವನು ತಪ್ಪುವನೆಂಬುದನ್ನು ಮೊದಲೇ ಎಣಿಸಿ, ಎಷ್ಟು ತಪ್ಪಿದರೆ ಬಿಡುಗಡೆಯೆಂಬುದನ್ನೂ ಗೊತ್ತುಮಾಡಿಕೊಂಡ ಒಪ್ಪಂದವದು.

ಚಾಮರಸನ ಕಾವ್ಯದಲ್ಲಿ ಮದುವೆಯೇ ಆಗುವುದಿಲ್ಲ. ಅರಮನೆಯಲ್ಲಿ ಷರತ್ತು ಮುರಿದೊಡನೆ ಆಕೆ ಹೊರಟುಬಿಡುತ್ತಾಳೆ. ಪೂಜ್ಯಳಾದವಳನ್ನು ಒಬ್ಬ ಭವಿಯ ಹೆಂಡತಿಯೆಂದು ಹೇಳಲು ಆತನ ಮನಸ್ಸು ಹಿಂಜರಿದಿರಬೇಕು. ನಮಗಾದರೋ ಮದುವೆಯಾದಳೆಂದು ಹೇಳುವುದರಿಂದ ಆಕೆಯ ಹಿರಿಮೆಗೆ ಏನೂ ಕುಂದು ಕಾಣುವುದಿಲ್ಲ. ಹೆತ್ತವರ ಜೀವಕ್ಕಾಗಿ ಒಲ್ಲದ ಮನೆಯನ್ನು ಹೊಕ್ಕವರು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಆಕೆ ಅವರಲ್ಲಿ ಒಬ್ಬಳಾಗಿದ್ದು ಅಲ್ಲಿಂದ ಹೊರಬಂದಳೆಂಬುದೇ ದೊಡ್ಡದು.

ಕೌಶಿಕನು ಒಂದು ಸಲ ಮೀರಿದನು, ಎರಡನೆಯ ಸಲ ಮೀರಿದನು, ಮೂರನೆಯ ಸಲವೂ ಮೀರಿದನು. ಆಕೆ ಅವನು ಕೊಟ್ಟ ಒಡವೆಯನ್ನೂ ವಸ್ತ್ರವನ್ನೂ ಅಲ್ಲಿಯೇ ಬಿಟ್ಟು, ನೀಳವಾದ ಕೂದಲನ್ನೇ ಹೊದಿಕೆಯಾಗಿ ಮಾಡಿಕೊಂಡು ಅರಮನೆಯ ಬಾಗಿಲನ್ನು ದಾಟಿದಳು. ಇದಾದ ಅರ್ಧಶತಮಾನದೊಳಗೆ ಇಟಲಿಯ ಅಸ್ಸೀಸಿ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಿಯ ಮಗನಾದ ಫ್ರಾನ್ಸಿಸನು ತಂದೆ ಕೊಟ್ಟ ಬಟ್ಟೆಗಳನ್ನು ಧರ್ಮಾಧ್ಯಕ್ಷನ ಎದುರಿಗೇ ಕಳಚಿ ತಂದೆಯ ಕೈಗೆ ಕೊಟ್ಟು ಹೊರಟನು. ಫ್ರಾನ್ಸಿಸನ ಮೇಲೆ ಧರ್ಮಾಧ್ಯಕ್ಷನು ತನ್ನ ನಿಲುವಂಗಿಯನ್ನು ಹೊದಿಸಿದನೆಂದು ಅಲ್ಲಿನ ಚರಿತ್ರಕಾರರು ಬರೆದಿದ್ದಾರೆ. ಉಡುತಡಿಯಲ್ಲಿ ಹೊದಿಸುವವರು ಯಾರೂ ಇರಲಿಲ್ಲ.

ಹೊರಟವಳಿಗೆ ಮುಂದಿನ ದಾರಿ ಎಷ್ಟಿತ್ತೆಂಬುದನ್ನು ಭೂಪಟವನ್ನು ಬಿಚ್ಚಿಟ್ಟುಕೊಂಡು ನೋಡಿದರೆ ಎದೆ ಝಲ್ಲೆನ್ನುತ್ತದೆ. ಶಿಕಾರಿಪುರದಿಂದ ಕಲ್ಯಾಣಕ್ಕೆ ಗೆರೆ ಎಳೆದಂತೆ ಅಳೆದರೂ ಸುಮಾರು 270 ಮೈಲು. ಕಲ್ಯಾಣದಿಂದ ಶ್ರೀಶೈಲಕ್ಕೆ ಮತ್ತೆ 175 ಮೈಲಿಗೆ ಕಡಮೆಯಿಲ್ಲ. ನಡೆಯುವ ದಾರಿಯಾದರೋ ಗೆರೆಯಂತೆ ನೇರವಾಗಿ ಹೋಗುವುದಿಲ್ಲ. ನಡುವೆ ಕೃಷ್ಣೆ, ಭೀಮೆಗಳಂತಹ ನದಿಗಳು. ಕೊನೆಯಲ್ಲಿ ನಲ್ಲಮಲೆಯ ಕಾಡು. ಬೆನ್ನ ಹಿಂದೆ ಅವಮಾನಿತನಾದ ಅರಸ. ದಾರಿಯುದ್ದಕ್ಕೂ ಒಂಟಿ ಹೆಂಗಸನ್ನು, ಅದರಲ್ಲಿಯೂ ಬಟ್ಟೆಯಿಲ್ಲದ ಹೆಂಗಸನ್ನು, ಹೇಗೆ ನೋಡಬೇಕೆಂದು ತಿಳಿಯದ ಗಂಡಸರು. ತನ್ನ ಹಿಂದೆ ಬಿದ್ದು ಕಾಡುವವರನ್ನು ಉದ್ದೇಶಿಸಿ ಆಕೆ ಹೇಳಿದ ವಚನಗಳೇ ಉಂಟು. ಆದುದರಿಂದ ಆಕೆಯ ನಿಶ್ಚಿಂತೆಯು ಅಪಾಯವನ್ನು ಕಾಣದವಳ ನಿಶ್ಚಿಂತೆಯೆಂದು ಯಾರೂ ಹೇಳುವಂತಿಲ್ಲ.

ಈ ಅಲೆದಾಟದ ಬಾಳಿನ ಆಯವ್ಯಯವನ್ನು ತೋರಿಸುವ ಒಂದು ವಚನವು ಬಹು ಪ್ರಸಿದ್ಧವಾಗಿದೆ. ಶಾಲೆಯ ಮಕ್ಕಳಿಗೂ ಅದು ಬಾಯಿಪಾಠ. ಆದರೆ ಅದರ ಲೆಕ್ಕದ ಕ್ರಮವನ್ನು ನಾವು ಗಮನಿಸುವುದು ಕಡಮೆ. ಮನುಷ್ಯನಿಗೆ ಬೇಕಾದುವು ನಾಲ್ಕೆಂದು ಆಕೆ ಎಣಿಸುತ್ತಾಳೆ: ಉಣ್ಣಲು, ಕುಡಿಯಲು, ಮಲಗಲು, ಜೊತೆಗಿರಲು. ಮೊದಲನೆಯದಕ್ಕೆ ಊರವರು ಹಾಕುವ ಭಿಕ್ಷೆಯನ್ನೂ, ಎರಡನೆಯದಕ್ಕೆ ಊರ ಹೊರಗಣ ನೀರಿನ ನೆಲೆಗಳನ್ನೂ, ಮೂರನೆಯದಕ್ಕೆ ಪಾಳುಬಿದ್ದ ಗುಡಿಗಳನ್ನೂ ಆಕೆ ಹೆಸರಿಸುತ್ತಾಳೆ. ನಾಲ್ಕನೆಯದಕ್ಕೆ ಮಾತ್ರ ದೇವರು. ಅಂದರೆ ಅನ್ನ, ನೀರು, ನೆಲೆಗಳಿಗಾಗಿ ಆಕೆ ದೇವರನ್ನು ಕೇಳಲೇ ಇಲ್ಲ. ದೇವರ ಲೆಕ್ಕದಲ್ಲಿ ಆಕೆ ಬರೆದುಕೊಂಡುದು ಸಂಗಾತವೊಂದನ್ನೇ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಅನ್ನ, ಸಂಬಳ, ಬಡ್ತಿ, ಮಗನ ಪರೀಕ್ಷೆ ಇವೆಲ್ಲವನ್ನೂ ದೇವರ ಮುಂದಿಟ್ಟು, ಜೊತೆಗೆ ಬೇಕಾದಾಗ ಮನುಷ್ಯರ ಕಡೆಗೆ ತಿರುಗುತ್ತೇವೆ. ಮನುಷ್ಯರು ಕೈಬಿಟ್ಟಾಗ ದೇವರೇ ಕೈಬಿಟ್ಟನೆಂದು ಗೋಳಾಡುತ್ತೇವೆ. ಜೀವವಿಮೆಯ ಕಂಪನಿಯಿಂದ ನಿರೀಕ್ಷಿಸಬೇಕಾದುದನ್ನು ದೇವಾಲಯದಿಂದ ನಿರೀಕ್ಷಿಸುವ ಈ ಅಭ್ಯಾಸವು ಆಕೆಗೆ ಇರಲಿಲ್ಲ.

ಭಿಕ್ಷೆ ಸಿಕ್ಕೇ ಸಿಗುವುದೆಂಬ ಭರವಸೆಯಾದರೂ ಆಕೆಗೆ ಇದ್ದಿತೇ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಮತ್ತೊಂದು ವಚನವಿದೆ. ಮೊದಲಿನದರಷ್ಟು ಜನಪ್ರಿಯವಲ್ಲ, ಏಕೆಂದರೆ ಓದಿದರೆ ಸಂಕಟವಾಗುತ್ತದೆ. ಅದರಲ್ಲಿ ಆಕೆ ದೇವರಿಗೆ ಸಲ್ಲಿಸುವ ಅರಿಕೆಯು ವಿಚಿತ್ರವಾದುದು. ತನ್ನನ್ನು ಮನೆಮನೆಗೆ ಅಲೆದು ಕೈಚಾಚುವವಳನ್ನಾಗಿ ಮಾಡೆಂದು ಕೇಳುತ್ತಾಳೆ. ಕೈಚಾಚಿದಾಗ ಯಾರೂ ನೀಡದಿರಲೆಂದು ಕೇಳುತ್ತಾಳೆ. ಯಾರಾದರೂ ನೀಡಿದರೆ ಆ ತುತ್ತು ನೆಲದ ಪಾಲಾಗಲಿ, ತಾನು ಬಗ್ಗುವುದರೊಳಗೆ ನಾಯಿಯೊಂದು ಅದನ್ನು ಒಯ್ಯಲಿ ಎಂದು ಕೇಳುತ್ತಾಳೆ. ಅನ್ನದ ಭರವಸೆಯ ಮೇಲೆ ನಿಂತ ನಂಬಿಕೆಯು ಅನ್ನ ತಪ್ಪಿದ ದಿನ ಬೀಳುವುದೆಂಬುದು ಆಕೆಗೆ ತಿಳಿದಿದ್ದಿತು. ಆದುದರಿಂದ ಅನ್ನ ತಪ್ಪುವ ದಿನವನ್ನೇ ಮುಂದಾಗಿ ಕರೆದು ತನ್ನ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿಕೊಂಡಳೆಂದು ನಾವು ಭಾವಿಸುತ್ತೇವೆ. ಇದು ಎಲ್ಲರಿಗೂ ಸಾಧ್ಯವಾದ ಪ್ರಾರ್ಥನೆಯಲ್ಲ. ಎಲ್ಲರೂ ಮಾಡಬೇಕಾದುದೂ ಅಲ್ಲ. ಮಕ್ಕಳಿಗೆ ಗಂಜಿ ಕಾಯಿಸಬೇಕಾದ ತಾಯಿಯು ಹೀಗೆ ಬೇಡಿದರೆ ಅದು ಭಕ್ತಿಯೆನಿಸದು. ಒಬ್ಬಂಟಿಯಾದವಳು ತನ್ನೊಬ್ಬಳ ಹಸಿವನ್ನು ಕುರಿತು ಆಡಿದ ಮಾತೆಂಬುದನ್ನು ಮರೆಯಬಾರದು.

ಇನ್ನೊಂದು ವಿಚಾರವನ್ನು ಇಲ್ಲಿಯೇ ಹೇಳಿಬಿಡಬೇಕು. ಆಕೆಯ ಮೊದಲ ಮೂರು ಬೇಕುಗಳನ್ನು ಪೂರೈಸಿದವರು ಯಾರು? ಭಿಕ್ಷೆಯು ಒಬ್ಬ ಗೃಹಿಣಿಯ ಒಲೆಯ ಮೇಲೆ ಬೆಂದ ಅನ್ನ. ಕೆರೆಯು ಯಾರೋ ಅಗೆಸಿದ್ದು, ಯಾರೋ ಏರಿ ಕಟ್ಟಿ ತೂಬಿಟ್ಟದ್ದು. ಪಾಳುಗುಡಿಯೂ ಒಂದು ಕಾಲದಲ್ಲಿ ಯಾರೋ ಕಲ್ಲು ಹೊತ್ತು ಎತ್ತಿಸಿದ ಗುಡಿಯೇ. ಶಿಕಾರಿಪುರ, ಸೊರಬಗಳ ಶಾಸನಗಳನ್ನು ತಿರುವಿಹಾಕಿದರೆ ಕೆರೆಗೆ ಬಿಟ್ಟ ಭೂಮಿ, ಗುಡಿಯ ಜೀರ್ಣೋದ್ಧಾರಕ್ಕೆ ಬಿಟ್ಟ ಭೂಮಿ, ಅನ್ನದಾನಕ್ಕೆ ಬಿಟ್ಟ ಭೂಮಿ ಇವುಗಳ ವಿವರವೇ ಹೆಚ್ಚು. ದಂಡನಾಯಕರೂ ಹೆಗ್ಗಡೆಗಳೂ ಸೆಟ್ಟಿಗಳೂ ಗೌಡರೂ ಕೂಡಿ ಕೊಟ್ಟ ದಾನಗಳು. ಇವರಲ್ಲಿ ಯಾರೂ ಒಬ್ಬ ಸನ್ಯಾಸಿನಿ ನಾಳೆ ಈ ದಾರಿಯಲ್ಲಿ ಬರುವಳೆಂದು ಎಣಿಸಿ ಕೊಟ್ಟವರಲ್ಲ. ಆದರೂ ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಬಳ್ಳಿಗಾವಿಯ ಸೀಮೆಯಿಂದ ಹೊರಟ ಒಂಟಿ ಹೆಂಗಸು ನೀರಿನ ಚಿಂತೆಯನ್ನು ಬಿಡಲು ಸಾಧ್ಯವಾಯಿತು. ದೇವರಲ್ಲಿ ನಿಶ್ಚಿಂತರಾಗಿರೆಂದು ಬಡವರಿಗೆ ಹೇಳುವ ಅಧಿಕಾರಿಯು ತನ್ನ ವ್ಯಾಪ್ತಿಯ ಕೆರೆಯ ತೂಬು ಸೋರುತ್ತಿದೆಯೋ ಎಂದು ಮೊದಲು ಹೋಗಿ ನೋಡಿ ಬಂದರೆ ಆತನ ಉಪದೇಶಕ್ಕೆ ತೂಕ ಬರುವುದು.

ಕಲ್ಯಾಣದ ಕಥೆಯನ್ನು ಹರಿಹರನು ಹೇಳುವುದಿಲ್ಲ. ಆತನ ಮಹಾದೇವಿಯು ನೇರವಾಗಿ ಶ್ರೀಶೈಲಕ್ಕೆ ಹೋಗುತ್ತಾಳೆ. ಕಲ್ಯಾಣದ ಪ್ರಸಂಗಕ್ಕೆ ಶೂನ್ಯಸಂಪಾದನೆಯೇ ಮುಖ್ಯವಾದ ಆಧಾರ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದ ಆ ನಗರದಲ್ಲಿ ಆಗ ನಾನಾ ಕಸುಬಿನ ಶರಣರು ನೆರೆದಿದ್ದರು. ಸ್ವಾಗತವು ಮಾತ್ರ ಹಿತವಾದುದಾಗಿರಲಿಲ್ಲ. ಮೊದಲು ಕಿನ್ನರಿ ಬೊಮ್ಮಯ್ಯನು ಆಕೆಯನ್ನು ಕಠೋರವಾಗಿ ಪರೀಕ್ಷಿಸಿ, ಕಡೆಗೆ ಸೋತು ಕಾಲಿಗೆರಗಿದನು. ಆಮೇಲೆ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳು ಪ್ರಶ್ನೆಗಳ ಮಳೆಗರೆದರು. ತುಂಬು ಯೌವನದವಳು ಇಲ್ಲಿಗೇಕೆ ಬಂದೆ, ನಿನ್ನ ಗಂಡನಾರು, ಎಲ್ಲವನ್ನೂ ಬಿಟ್ಟವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬ ಅರ್ಥದ ಪ್ರಶ್ನೆಗಳು. ಕೊನೆಯ ಪ್ರಶ್ನೆಗೆ ಆಕೆ ಕೊಟ್ಟ ಉತ್ತರದ ತಾತ್ಪರ್ಯವು, ಆ ಮರೆಯು ತನ್ನ ಸಲುವಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಎಂಬುದು. ಸಭೆಯು ಮೌನವಾಯಿತು. ವಿಚಾರ ಮಾಡಿ ನೋಡಿದರೆ, ಕೇಳಿದವರೂ ಉತ್ತರ ಹೇಳಿದವಳೂ ಒಂದೇ ಸೀಮೆಯವರು. ಅಲ್ಲಮರು ಬಳ್ಳಿಗಾವಿಯವರು, ಮದ್ದಳೆ ಬಾರಿಸುತ್ತಿದ್ದವರು, ಒಲಿದ ಹೆಂಡತಿಯು ಅಕಾಲದಲ್ಲಿ ತೀರಿಕೊಂಡ ದುಃಖದಲ್ಲಿ ಮನೆಬಿಟ್ಟು ಹೊರಟವರೆಂದು ಹರಿಹರನೇ ಹೇಳುತ್ತಾನೆ. ಇಂದು ಒಂದೇ ತಾಲ್ಲೂಕಿಗೆ ಸೇರಿರುವ ಎರಡು ಊರುಗಳಿಂದ, ಒಬ್ಬರು ಪ್ರೀತಿಸಿದವಳನ್ನು ಕಳೆದುಕೊಂಡು, ಇನ್ನೊಬ್ಬಳು ಪ್ರೀತಿಸದವನನ್ನು ಬಿಟ್ಟು, 270 ಮೈಲು ದೂರದಲ್ಲಿ ಎದುರುಬದುರಾಗಿ ನಿಂತರು. ಅವರು ತಮ್ಮೂರಿನ ಸಮಾಚಾರವನ್ನು ಮಾತನಾಡಿಕೊಂಡರೆಂದು ಗ್ರಂಥಗಳು ಹೇಳುವುದಿಲ್ಲ.

ಪರೀಕ್ಷೆಯು ಮುಗಿದ ಮೇಲೆ, ವಯಸ್ಸಿನಲ್ಲಿ ತಂದೆಯಂತಿದ್ದವರೂ ಆಕೆಯನ್ನು ಅಕ್ಕನೆಂದು ಕರೆದರು. ಚೆನ್ನಬಸವಣ್ಣನವರು ಹಿರಿಯ ಶರಣರ ವಚನಗಳನ್ನು ಅರವತ್ತು, ಇಪ್ಪತ್ತು, ಹತ್ತು, ಐದು ಎಂದು ಇಳಿಯುವ ಲೆಕ್ಕದಲ್ಲಿ ತೂಗಿ, ಎಲ್ಲಕ್ಕೂ ಸಮನಾಗಿ ಅಕ್ಕನ ಒಂದೇ ವಚನವನ್ನಿಟ್ಟರು. ಇಂತಹ ಗೌರವವು ದೊರೆತ ಊರಿನಲ್ಲಿ ಯಾರಾದರೂ ನೆಲೆನಿಲ್ಲುತ್ತಿದ್ದರು. ಅನ್ನಕ್ಕೂ ನೆರಳಿಗೂ ಕೊರತೆಯಿರಲಿಲ್ಲ. ಕಾಡುವವರ ಭಯವೂ ಇರಲಿಲ್ಲ. ಆದರೆ ಆಕೆಯ ಲೆಕ್ಕದಲ್ಲಿ ನಾಲ್ಕನೆಯ ಬಾಬು ಇನ್ನೂ ಬಾಕಿಯಿದ್ದಿತು. ತೌರಿನಿಂದ ಹೊರಡುವ ಮಗಳಂತೆ ಶರಣರ ಅಪ್ಪಣೆಯನ್ನು ಪಡೆದು ಆಕೆ ಶ್ರೀಶೈಲದ ದಾರಿಯನ್ನು ಹಿಡಿದಳು. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಬಿಜ್ಜಳನ ಆಳ್ವಿಕೆಯು ಮುಗಿದು ಶರಣರು ದಿಕ್ಕುಪಾಲಾದರು. ಭದ್ರವಾದ ಆಶ್ರಯವೆಂದು ತೋರಿದ ನಗರವು ಹಾಗಾಯಿತು.

ನಿಶ್ಚಿಂತೆಯೆಂದರೆ ಕಲ್ಲಿನಂತಿರುವುದೆಂದು ತಿಳಿದವರು ಆಕೆಯ ಈ ಕಾಲದ ವಚನಗಳನ್ನು ಓದಬೇಕು. ಕಾಡಿನ ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನೆಲ್ಲ ನಿಲ್ಲಿಸಿ ತನ್ನ ಒಡೆಯನನ್ನು ಕಂಡಿರಾ ಎಂದು ಕೇಳುತ್ತಾಳೆ. ಬೆಂಕಿಯಿಲ್ಲದೆ ಬೆಂದೆನೆಂದೂ ಗಾಯವಿಲ್ಲದೆ ನೊಂದೆನೆಂದೂ ಹೇಳಿಕೊಳ್ಳುತ್ತಾಳೆ. ಅನ್ನವಸ್ತ್ರಗಳ ವಿಷಯದಲ್ಲಿ ಇಷ್ಟು ನಿರ್ಲಕ್ಷ್ಯದಿಂದಿದ್ದವಳು ದೇವರ ವಿಷಯದಲ್ಲಿ ಮಾತ್ರ ಒಂದು ಗಳಿಗೆಯೂ ಸಮಾಧಾನದಿಂದ ಕೂಡಲಿಲ್ಲ. ಲೋಕದ ನಿಂದೆಸ್ತುತಿಗಳನ್ನು ಕುರಿತು ಆಕೆ ಹೇಳಿದ ಇನ್ನೊಂದು ವಚನವೂ ಎಲ್ಲರಿಗೂ ಪರಿಚಿತವಾದುದೇ: ಗುಡ್ಡದ ಮೇಲೆ ಮನೆ ಕಟ್ಟಿಕೊಂಡವನು ಕಾಡುಪ್ರಾಣಿಗಳಿಗೆ ಹೆದರಿ ಪ್ರಯೋಜನವಿಲ್ಲವೆಂಬ ತಾತ್ಪರ್ಯದಿಂದ ಅದು ಮೊದಲಾಗುತ್ತದೆ. ಅದೇ ವಚನವು ಮುಂದೆ ಕಡಲತಡಿಯ ಮನೆಗೂ ಸಂತೆಯೊಳಗಣ ಮನೆಗೂ ನಡೆಯುತ್ತದೆ. ಸೊರಬದ ಕಾಡಂಚಿನ ಒಂಟಿಮನೆಗಳಲ್ಲಿ ರಾತ್ರಿ ಕಳೆದವರಿಗೆ ಆ ಮೊದಲ ಮಾತಿನ ಹುರುಳು ವಿವರಿಸಬೇಕಾಗಿಲ್ಲ. ಮೃಗಗಳು ಇಲ್ಲವೆಂದು ಆಕೆ ಹೇಳುವುದಿಲ್ಲ. ಇರುವಲ್ಲಿ ಇರಲು ಒಪ್ಪಿದ ಮೇಲೆ ಅವುಗಳ ಕೂಗನ್ನು ಕೇಳಿಯೂ ಮಲಗಲು ಕಲಿಯಬೇಕೆಂದು ಹೇಳುತ್ತಾಳೆ.

ಆಕೆಯ ಹೆಸರಿನಲ್ಲಿ ನಾಲ್ಕುನೂರಕ್ಕೂ ಮಿಕ್ಕು ವಚನಗಳೂ, ಯೋಗಾಂಗತ್ರಿವಿಧಿ ಎಂಬ ತ್ರಿಪದಿಗಳ ಕೃತಿಯೂ ನಮಗೆ ಉಳಿದು ಬಂದಿವೆ. ಬರೆದಿಟ್ಟುಕೊಳ್ಳಲು ಗಂಟು ಗದಡಿಯಿಲ್ಲದವಳ ಮಾತುಗಳನ್ನು ಬೇರೆಯವರು ಓಲೆಗರಿಗಳಲ್ಲಿ ಕಾಪಾಡಿದರು. ಮನೆಮನೆಯ ಜಗಲಿಯ ಮೇಲೂ ಮಠಗಳ ಅಟ್ಟದ ಮೇಲೂ ಧೂಳು ತಿನ್ನುತ್ತಿದ್ದ ಅಂತಹ ಓಲೆಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರ ಶ್ರಮವಿಲ್ಲದಿದ್ದರೆ ಇಂದಿನ ಕನ್ನಡಿಗರಿಗೆ ವಚನಗಳ ಪರಿಚಯವು ಇಷ್ಟರಮಟ್ಟಿಗೆ ಆಗುತ್ತಿರಲಿಲ್ಲ.

ಶ್ರೀಶೈಲವನ್ನು ಸೇರಿದ ಮೇಲೆ ಆಕೆಯನ್ನು ಹುಡುಕಿಕೊಂಡು ಉಡುತಡಿಯಿಂದ ತಾಯಿತಂದೆಗಳು ಬಂದರೆಂದು ಹರಿಹರನು ಹೇಳುತ್ತಾನೆ. ಇದು ಆ ರಗಳೆಯಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿದ ಭಾಗ. ಹಿಂದೆ ಅರಸನ ಭಯದಿಂದ ಮಗಳನ್ನು ಅರಮನೆಗೆ ಕಳುಹಿದವರು ಅವರೇ. ಆ ವಯಸ್ಸಿನಲ್ಲಿ ಅಷ್ಟು ದೂರ ನಡೆದು ಬಂದು, ಬೆಟ್ಟದ ಬಿಸಿಲಿನಲ್ಲಿಯೂ ಗಾಳಿಯಲ್ಲಿಯೂ ಒಬ್ಬಳೇ ಇರುವ ಮಗಳನ್ನು ಕಂಡು ಅತ್ತರು. ಆಕೆ ಅವರನ್ನು ಸಮಾಧಾನಪಡಿಸಿ ಹಿಂದಕ್ಕೆ ಕಳುಹಿದಳು. ಅನಂತರ ಕೌಶಿಕನೂ ಶಿವಭಕ್ತನ ವೇಷವನ್ನು ಧರಿಸಿ ಬಂದನು. ಅವನ ಕೈಯಲ್ಲಿ ಈಗ ಬೆದರಿಕೆಯಿರಲಿಲ್ಲ, ಬೇಡಿಕೆಯೊಂದೇ ಇದ್ದಿತು. ಅವನೂ ಹಿಂದಿರುಗಬೇಕಾಯಿತು.

ಅಲ್ಲಿಂದ ಮುಂದೆ ಆಕೆ ಕದಳಿಯ ಬನವನ್ನು ಹೊಕ್ಕಳೆಂದೂ, ಅಲ್ಲಿಯೇ ಚೆನ್ನಮಲ್ಲಿಕಾರ್ಜುನನಲ್ಲಿ ಒಂದಾದಳೆಂದೂ ಪರಂಪರೆಯು ಹೇಳುತ್ತದೆ. ತಿಥಿ ನಕ್ಷತ್ರಗಳನ್ನು ಯಾರೂ ಬರೆದಿಡಲಿಲ್ಲ. ಶ್ರೀಶೈಲದ ಸಮೀಪದಲ್ಲಿ ಕೃಷ್ಣೆಯ ದಡದ ಬಂಡೆಗಳಲ್ಲಿ ಅಕ್ಕನ ಗವಿಯೆಂದು ತೋರಿಸುವ ಸ್ಥಳವಿದೆ. ಅಣೆಕಟ್ಟಿನಿಂದ ತುಂಬಿನಿಂತ ನೀರಿನ ಮೇಲೆ ದೋಣಿಯಲ್ಲಿ ಹೋಗಿ, ಇಕ್ಕಟ್ಟಾದ ಕಿರುದಾರಿಯಲ್ಲಿ ಒಬ್ಬರ ಹಿಂದೊಬ್ಬರಾಗಿ ಮೈ ಅಡ್ಡ ಮಾಡಿಕೊಂಡು ನುಸುಳಿ ಒಳಗೆ ಹೋಗಬೇಕು. ಕೊನೆಯಲ್ಲಿರುವುದು ಒಂದು ಲಿಂಗ ಮಾತ್ರ. ಇಬ್ಬರು ನಿಲ್ಲುವಷ್ಟು ಸ್ಥಳವೂ ಅಲ್ಲಿ ಕಷ್ಟದಿಂದ ದೊರಕುವುದು.